ಉಪ್ಪಿನ ಗುಡಿಸಲಿನಲ್ಲಿ ಆಮೋಸನ ಸಿಟ್ಟು

ಆದೊನಾರಾ ದ್ವೀಪದ ಈ ಕಡಲಂಚಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಉಪ್ಪು ಕಾಯಿಸುವ ಗುಡಿಸಲಿನೊಳಗೆ ಬೆನೆಡಿಕ್ಟಾ ಬಾರೆಕ್ ಒಲೆಗೆ ಕಟ್ಟಿಗೆ ನೂಕುತ್ತಿದ್ದಾರೆ. ತಗಡಿನ ಬಾಣಲೆಯಲ್ಲಿ ಉಪ್ಪುನೀರು ಕುದಿಯುತ್ತಿದೆ. ಸುತ್ತ ಕೂತ ಹೆಂಗಸರಿಗೆ ಅವರು ಬೈಬಲ್ಲಿನಿಂದ ಆ ದಿನದ ವಾಚನ ಓದುತ್ತಾರೆ, ಆ ದಿನದ ಸಂತರ ಬಾಳು ಹೇಳುತ್ತಾರೆ, ಇವತ್ತು ಇದನ್ನು ಬದುಕುವುದು ಹೇಗೆ ಎಂದು ಕೇಳುತ್ತಾರೆ. ಒಬ್ಬಾಕೆ ತೂಕಡಿಸಿದರೆ ಬೆನೆಡಿಕ್ಟಾ ಗದರುತ್ತಾರೆ. "ಬಾಣಲೆಗೆ ಬಿದ್ದೀಯ ಕಣೇ. ಉಪ್ಪಿಗೆ ನಿನ್ನ ರುಚಿ ಹತ್ತಿದ್ರೆ ಯಾರು ಕೊಳ್ತಾರೆ?"

ಮಾಮಾ ಬೆನೆ ಎಂದೇ ಎಲ್ಲರೂ ಕರೆಯುವ ಇವರು ಊರಿನ ಉಪದೇಶಿ. ಪಾದ್ರಿ ಗುರುಗಳು ಗುಡ್ಡದಾಚೆಯಿಂದ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಮಿಕ್ಕ ದಿನ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಜಪ ಕಲಿಸುವುದು, ಸತ್ತವರ ತಲೆದೆಸೆಯಲ್ಲಿ ಕೂರುವುದು ಇವರ ಪಾಲು. ಅದಕ್ಕೆ ಸಂಬಳವಿಲ್ಲ, ಹೊಟ್ಟೆಪಾಡಿಗೆ ಉಪ್ಪು. ಚಿಕ್ಕ ವಯಸ್ಸಿಗೇ ಗಂಡನನ್ನು ಕಡಲು ಕೊಂಡೊಯ್ದ ಮೇಲೆ ಒಲೆಯೂ ಬೈಬಲ್ಲೂ ಜೊತೆಜೊತೆಗೇ ಬಂದಿವೆ.

ಹೋದ ವರ್ಷದವರೆಗೂ ಈ ಓದು ಊರಿನ ಇಗರ್ಜಿಯಲ್ಲಿ ನಡೆಯುತ್ತಿತ್ತು. ಇಗರ್ಜಿಗೆ ಹೊಸ ಮಾಡು ಹೊದಿಸಿಕೊಟ್ಟವನು ಪಾವ್ಲುಸ್ ಕೊಪೊಂಗ್. ಹುಡುಗಿಯರನ್ನು ಮನೆಗೆಲಸಕ್ಕೆಂದು ಮಲೇಷ್ಯಾಕ್ಕೆ ಸಾಗಿಸುವ ದಲ್ಲಾಳಿ. ಮಾಮಾ ಬೆನೆಯವರ ಜೊತೆಯಲ್ಲೇ ಉಪ್ಪು ಕಾಯಿಸುವ ಪೆನಿಯ ಮಗಳು ಕತರಿನಾಳನ್ನು ಕರೆದೊಯ್ದವನೂ ಅವನೇ. ಆ ಹುಡುಗಿ ಪೆಟ್ಟಿಗೆಯಲ್ಲಿ ಮರಳಿ ಬಂದಳು. ಜ್ವರದಿಂದ ಸಾವು ಎಂದು ಕಾಗದ ಹೇಳುತ್ತಿತ್ತು. ಹೆಣಕ್ಕೆ ಸ್ನಾನ ಮಾಡಿಸಿದ್ದು ಮಾಮಾ ಬೆನೆ. "ಜ್ವರ ಬಂದ್ರೆ ಬೆನ್ನ ಮೇಲೆ ಬರೆ ಏಳುತ್ತಾ?" ಅವರ ಕೈಯಲ್ಲಿನ ಕಟ್ಟಿಗೆ ಒಲೆಯೊಳಕ್ಕೆ ಬಡಿದು ಕಿಡಿ ಹಾರುತ್ತದೆ.

ಮಣ್ಣು ಮಾಡಿ ಕೆಲವು ವಾರಗಳಾಗಿದ್ದವು. ತನ್ನ ತಾಯಿಯ ಪುಣ್ಯತಿಥಿಯ ಪ್ರಾರ್ಥನೆಗೆಂದು ಪಾವ್ಲುಸ್ ಮುಂದಿನ ಬೆಂಚಿನಲ್ಲಿ ಕೂತಿದ್ದ. ಅಂದಿನ ವಾಚನ ಪ್ರವಾದಿ ಆಮೋಸನದು: ಸಜ್ಜನರನ್ನು ಬೆಳ್ಳಿಗೆ ಮಾರಿದರು, ಬಡವರನ್ನು ಒಂದು ಜೊತೆ ಕೆರಕ್ಕೆ ಮಾರಿದರು. ಮಾಮಾ ಬೆನೆ ಅಲ್ಲಿಗೇ ನಿಂತರು. ಅದೇ ಸಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ ಅವನತ್ತ ಕೈ ತೋರಿಸಿ, ಗಂಟಲು ಹರಿಯುವಂತೆ ಕೂಗಿದರು. "ನಮ್ಮ ಕತರಿನಾಗೆ ಆ ಕೆರಾನೂ ಸಿಗ್ಲಿಲ್ಲ. ಬರಿಗಾಲಲ್ಲಿ ಬಂದ್ಲು."

ಪಾವ್ಲುಸ್ ಗುರುಗಳ ಬಳಿಗೆ ದೂರು ಒಯ್ದ. ತನ್ನನ್ನು ಹಣಿಯಲೆಂದೇ ಈ ಹೆಂಗಸು ಆ ವಾಕ್ಯ ಹುಡುಕಿ ತೆಗೆದಳು ಎಂದ. ದಿನದ ವಾಚನದ ಪಟ್ಟಿ ಲೋಕಕ್ಕೆಲ್ಲ ಒಂದೇ, ಅವತ್ತು ಯಾವ ದೇಶದ ಇಗರ್ಜಿಗೆ ಹೋಗಿದ್ದರೂ ಅವನ ಕಿವಿಗೆ ಬೀಳುತ್ತಿದ್ದುದು ಅದೇ ವಾಚನ ಎನ್ನುತ್ತಾರೆ ಮಾಮಾ ಬೆನೆ. "ಊರಿಗೆಲ್ಲ ಓದಿದ್ದು ಅವನೊಬ್ಬನಿಗೇ ಚುಚ್ಚಿತು ಅಂದ್ರೆ ನಾನೇನು ಮಾಡ್ಲಿ?"

ಗುರುಗಳು ಬಂದರು. ಪಾವನರಾಗುವ ದಾರಿ ತಾಳ್ಮೆಯದು, ಹೋಗಿ ಕ್ಷಮೆ ಕೇಳಿ ಎಂದರು. ಮಾಮಾ ಬೆನೆ ಹೋದರು. ದೇವರ ಮನೆಯಲ್ಲಿ ಕೂಗಾಡಿದ್ದಕ್ಕೆ ಕ್ಷಮೆ ಕೇಳಿದರು. ಅಲ್ಲಿಂದ ಎದ್ದು ಬರಲಿಲ್ಲ. ಅವನ ಹೆಂಡತಿ ತಂದಿಟ್ಟ ಕಾಫಿ ಮುಟ್ಟದೆ, ಹುಡುಗಿಯನ್ನು ಯಾರ ಕೈಗೆ ಒಪ್ಪಿಸಿದೆ, ಅವಳ ಪಾಸ್‌ಪೋರ್ಟ್ ಯಾರ ಬಳಿಯಿತ್ತು ಎಂದು ಕೇಳುತ್ತಲೇ ಕೂತರು. ಅಲ್ಲಿಗೆ ಹೋಗಿ ಸುಖವಾಗಿರುವ ಹುಡುಗಿಯರೂ ಬೇಕಾದಷ್ಟಿದ್ದಾರೆ ಎಂದವನು ಎದ್ದು ಒಳಗೆ ಹೋದ. ಕೆಲವೇ ದಿನಗಳಲ್ಲಿ ಇಗರ್ಜಿಯ ಬೀಗದ ಕೈ ಬೇರೆಯವರ ಪಾಲಾಯಿತು. ಮಾಮಾ ಬೆನೆ ಪುಸ್ತಕ ಎತ್ತಿಕೊಂಡು ಒಲೆಯ ಮುಂದೆ ಬಂದು ಕೂತರು.

ಪೊಲೀಸರು ಕಾಗದಪತ್ರ ಸರಿಯಿದೆ ಎಂದು ಕೈತೊಳೆದುಕೊಂಡಿದ್ದಾರೆ. ಪಾವ್ಲುಸ್ ಈಗಲೂ ಮುಂದಿನ ಬೆಂಚಿನಲ್ಲೇ ಕೂರುತ್ತಾನೆ. ಆದರೆ ಹೋದ ಈಸ್ಟರ್ ಕಳೆದ ಮೇಲೆ ಅವನು ಹೊರಡಿಸಿದ ಹಡಗಿಗೆ ಈ ಕೇರಿಯ ಅಕ್ಕತಂಗಿಯರಿಬ್ಬರು ಹತ್ತಲಿಲ್ಲ. ಗುಡಿಸಲಿನಲ್ಲಿ ದಿನಾ ಓದು ಕೇಳುವ ಅವರ ತಾಯಿ, ಕಟ್ಟಿಟ್ಟಿದ್ದ ಚೀಲಗಳನ್ನು ಎಳೆತಂದು ಉಪ್ಪಿನ ಒಲೆಗೇ ಹಾಕಿದಳು.

ಇಷ್ಟು ಸಿಟ್ಟು ಪಾಪವಲ್ಲವೇ ಎಂದು ಕೇಳಿದರೆ ಮಾಮಾ ಬೆನೆ ಸಿಯೆನಾದ ಸಂತ ಕತರಿನಾಳನ್ನು ನೆನೆಯುತ್ತಾರೆ. ಪೆನಿಯ ಮಗಳಿಗೆ ಇಟ್ಟದ್ದು ಆ ಸಂತಳ ಹೆಸರೇ. "ಆ ತಾಯಿ ಪೋಪರಿಗೇ ಗದರಿಸಿ ಬರೆದ್ಲು. ಅವಳನ್ನ ಪೀಠದ ಮೇಲಿಟ್ಟು ಹೂ ಮುಡಿಸ್ತಾರೆ. ನನಗೆ ಮಾತ್ರ ತಾಳ್ಮೆ ಹೇಳ್ತಾರೆ." ಸಿಟ್ಟು ಇಳಿಸು ಎಂದು ಅವರು ದೇವರನ್ನು ಬೇಡುವುದಿಲ್ಲವಂತೆ, ಅದು ಹುಳಿತು ದ್ವೇಷವಾಗದಿರಲಿ ಎಂದು ಮಾತ್ರ ಬೇಡುತ್ತಾರಂತೆ. ಕೆಲವು ದಿನ ಅದೂ ಕಷ್ಟ ಎಂದು ಒಪ್ಪುತ್ತಾರೆ.

ಹೊತ್ತು ಏರಿದೆ. ಪೆನಿ ಬಿಳಿ ಉಪ್ಪನ್ನು ಬುಟ್ಟಿಗೆ ತೋಡುತ್ತಿದ್ದಾಳೆ. ಅವಳತ್ತ ನೋಡಿ ಮಾಮಾ ಬೆನೆ ದನಿ ತಗ್ಗಿಸುತ್ತಾರೆ.

"ಅವನು ನರಕಕ್ಕೆ ಹೋಗ್ಲಿ ಅಂತ ನಾನು ಒಂದಿನಾನೂ ಕೇಳಿಲ್ಲ. ಬದುಕಿರುವಾಗ್ಲೇ ಇಲ್ಲಿಗೆ ಬಂದು, ಇವಳ ಎದುರು ಕೂತು, ಏನು ನಡೀತು ಅಂತ ಹೇಳ್ಲಿ. ನನಗೆ ಅಷ್ಟಾದ್ರೆ ಸಾಕು."