ದೊರೆ ಕೋಣೆಯ ಹೊರಚಿಲಕ

ಹೋದ ವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಹೊರಗಿನ ಕೋಣೆಯ ಗೋಡೆಗೆ ಅಂಟಿಸಿದ್ದ ಒಂದು ಡಬ್ಬಿ ಐದು ನಿಮಿಷಕ್ಕೊಮ್ಮೆ ಪುಸ್ ಎಂದು ನಿಂಬೆಹುಲ್ಲಿನ ವಾಸನೆ ಉಗುಳುತ್ತಿತ್ತು. ಹಲ್ಲು ಕೀಳಿಸಿಕೊಳ್ಳಲು ಬಂದವರಿಗೆ ತಾವು ಕಾಡಿಗೆ ವಿಹಾರ ಬಂದಿದ್ದೇವೆ ಅನ್ನಿಸಲಿ ಎಂಬ ಉದಾರ ಭಾವನೆಯಿರಬೇಕು. ಎದುರಿಗೆ ಕೂತಿದ್ದವರ ಊದಿದ ಕೆನ್ನೆಯಲ್ಲಿ ವಿಹಾರದ ಲಕ್ಷಣವೇನೂ ಕಾಣಲಿಲ್ಲ. ನಾನು ಮಾತ್ರ ನಿಜವಾಗಿಯೂ ಬೇರೆ ಕಡೆಗೆ ಹೋಗಿಬಿಟ್ಟಿದ್ದೆ. ಮೂಗಿನದು ಯಾವಾಗಲೂ ಇದೇ ಬುದ್ಧಿ. ನಮ್ಮನ್ನು ಕೇಳದೆ ಹೊರಟುಬಿಡುತ್ತದೆ, ನಾವು ಅದರ ಹಿಂದೆ ಏದುಸಿರು ಬಿಡುತ್ತಾ ಓಡಬೇಕು.

ಈ ವಾಸನೆ ನನ್ನನ್ನು ಕರೆದುಕೊಂಡು ಹೋದದ್ದು ತಮಿಳುನಾಡಿನ ಗಡಿಯಲ್ಲಿರುವ ತಾಳವಾಡಿ ಬೆಟ್ಟಕ್ಕೆ. ಎರಡು ವರ್ಷದ ಹಿಂದೆ ನಾನೂ ನನ್ನ ಹೆಂಡತಿ ಸುಧಾಳೂ ತಿಗನಾರೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಎರಡು ದಿನ ತಂಗಿದ್ದೆವು. ಹಳೆಯ ಮನೆ, ಮಲಗಲು ಕೋಣೆ, ಬೆಳಗ್ಗೆ ನಾಷ್ಟ. ಸುಧಾ ಫೋನಿನಲ್ಲಿ ಜಾಹೀರಾತು ತೋರಿಸಿದ್ದಳು: ‘ಕಾಡಂಚಿನ ದೊರೆ ಬಂಗಲೆ. ನೂರೈವತ್ತು ವರ್ಷಗಳ ಇತಿಹಾಸ. ಬ್ರಿಟಿಷ್ ದೊರೆ ಮಲಗಿದ ಕೋಣೆಯಲ್ಲಿ ನೀವೂ ಮಲಗಿ.’ ಕೆಳಗೊಂದು ಫೋಟೋ. ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ. ಅದು ನನ್ನ ತಾಯಿಯ ತವರುಮನೆ.

ನಮ್ಮ ತಾತ ಆ ಮನೆ, ಹೊಲ ಎಲ್ಲವನ್ನೂ ಮಾರಿ ಮೈಸೂರು ಸೇರಿ ನಲವತ್ತು ವರ್ಷವಾಗಿತ್ತು. ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆಯೆಲ್ಲ ಅಲ್ಲಿಯೇ ಕಳೆದದ್ದು. ಅಲ್ಲಿ ದನ ಮಲಗಿದ್ದನ್ನು ಕಂಡಿದ್ದೇನೆ, ನೆಂಟರು ಸಾಲಾಗಿ ಮಲಗಿದ್ದನ್ನು ಕಂಡಿದ್ದೇನೆ. ದೊರೆ ಮಲಗಿದ ಸುದ್ದಿ ಇದೇ ಮೊದಲು ಕೇಳಿದ್ದು. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕೂತು ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕಿದವನು ನಾನು. ಇಂಥ ಅವಕಾಶ ಬಿಡುತ್ತೇನೆಯೇ? ಯಾರೆಂದು ಹೇಳಿಕೊಳ್ಳದೆ ಅತಿಥಿಯಾಗಿ ಹೋಗಿ, ಎರಡು ದಿನ ಸುಮ್ಮನೆ ಕೇಳಿಸಿಕೊಂಡು, ಹೊರಡುವ ಹೊತ್ತಿಗೆ ಇವರ ಇತಿಹಾಸವನ್ನು ಒಂದೇ ಮಾತಿನಲ್ಲಿ ಉರುಳಿಸುವುದೆಂದು ನಿಶ್ಚಯಿಸಿದೆ. ನಿವೃತ್ತರಿಗೆ ಇಂಥ ಪರಾಕ್ರಮಗಳೇ ಉಳಿದಿರುವುದು.

ಮನೆಯೊಡತಿ ಪುಟ್ಟತಾಯಮ್ಮ ಜಗಲಿಯಲ್ಲೇ ನಿಂತಿದ್ದಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಕೆಲಸ ಮಾಡಿದ ಕೈ, ನಗದ ಮುಖ. ಒಳಗೆ ಕಾಲಿಟ್ಟರೆ ಎಲ್ಲೆಲ್ಲೂ ನಿಂಬೆಹುಲ್ಲಿನ ಎಣ್ಣೆಯ ವಾಸನೆ. ನಮ್ಮ ಅಜ್ಜಿಯ ಕಾಲದಲ್ಲಿ ಆ ಮನೆಗೆ ಇದ್ದ ಹರಳೆಣ್ಣೆ, ಸಗಣಿ, ಒಲೆಹೊಗೆಯ ವಾಸನೆ ಅತಿಥಿಗಳಿಗೆ ಅಷ್ಟು ಐತಿಹಾಸಿಕ ಅನ್ನಿಸುವುದಿಲ್ಲವೇನೋ. ನಡುಮನೆಯ ಬಾಗಿಲು ತೀರಾ ಗಿಡ್ಡ. ಹಿಂದೆ ಬಂದ ಸುಧಾ ಹಣೆ ಬಡಿಸಿಕೊಂಡಳು. “ಎಲ್ರೂ ಒಂದ್ಸಲ ಒಡ್ಕತಾರ ಕಣ್ರವ್ವ, ದೊರ ಕಾಲದ್ ಬಾಗ್ಲು” ಎಂದು ಪುಟ್ಟತಾಯಮ್ಮ ಸಮಾಧಾನ ಹೇಳಿದಳು. ಹೇಳುತ್ತಾ ನನ್ನ ಕಡೆ ಒಮ್ಮೆ ನೋಡಿದಳು. ನನ್ನ ಹಣೆಗೆ ಏಟು ತಗುಲಿರಲಿಲ್ಲ.

ಆಮೇಲೆ ಮನೆ ತೋರಿಸಿದಳು. ದೊರೆಯ ಕುರ್ಚಿ ಎಂದು ತೋರಿಸಿದ್ದರಲ್ಲಿ ನಮ್ಮ ತಾತ ಬಿಸಿಲಿಗೆ ಬೆನ್ನುಕೊಟ್ಟು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ದೊರೆ ಕೋವಿ ತೂಗುಹಾಕುತ್ತಿದ್ದ ಮೊಳೆಗೆ ನಮ್ಮಜ್ಜಿ ಜರಡಿ ನೇತುಹಾಕುತ್ತಿದ್ದಳು. ಹಿತ್ತಲಿನಾಚೆ ಆನೆ ನುಗ್ಗಿ ತುಳಿದುಹಾಕಿದ್ದ ಜೋಳದ ಹೊಲ ಕಂಡಿತು. ಅದು ಜಾಹೀರಾತಿನಲ್ಲಿ ‘ವನ್ಯಜೀವಿ ಅನುಭವ’ ಎಂದಿತ್ತು. ಜಾಹೀರಾತು ಬರೆದವನು ಅವಳ ಅಳಿಯನಂತೆ. ಹೊಲ ಯಾರದೆಂದು ಕೇಳಿದೆ. “ನಮ್ದೇಯ” ಎಂದಳು. ನಾನು ತಲೆಯಾಡಿಸುತ್ತಾ, ಒಳಗೊಳಗೇ ತಪ್ಪುಗಳ ಪಟ್ಟಿ ಉದ್ದ ಮಾಡುತ್ತಾ ನಡೆದೆ.

ಕೊನೆಗೆ ದೊರೆ ಕೋಣೆ. ಅದೇ ನಮಗೆ ಮಲಗಲು ಕೊಟ್ಟ ಕೋಣೆ. ಬಾಗಿಲಿಗೆ ಬಂದಾಗ ನನ್ನ ಕಾಲು ಸ್ವಲ್ಪ ನಿಧಾನವಾಯಿತು. ನಾನು ಹುಡುಗನಾಗಿದ್ದಾಗ ಒಂದು ಬೇಸಿಗೆಯಿಂದ ಅದರ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಅಲ್ಲಿ ದೆವ್ವವಿದೆ ಎಂದು ತಾತ ಹೇಳಿದ್ದರು. ದೆವ್ವದ ಜಾಗಕ್ಕೆ ದೊರೆ ಬಂದದ್ದು ಬಡ್ತಿಯೋ ಹಿಂಬಡ್ತಿಯೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಸುಧಾ ಬಾಗಿಲನ್ನು ಹಿಂದೆ ಮುಂದೆ ಆಡಿಸಿ ನೋಡಿ, “ಚಿಲಕ ಹೊರಗಡೆ ಮಾತ್ರ ಇದೆಯಲ್ಲ?” ಎಂದಳು.

“ದೊರೆಗ ಉಲಿ ಭಯ ಇತ್ತು” ಎಂದಳು ಪುಟ್ಟತಾಯಮ್ಮ.

“ಹುಲಿಗೆ ಹೆದರೋನು ಒಳಗಲ್ಲವಾ ಚಿಲಕ ಹಾಕಿಸಬೇಕು?”

ಪುಟ್ಟತಾಯಮ್ಮ ದಿಂಬು ಕೊಡವಿಟ್ಟಳು. ಬಿಸಿನೀರು ಯಾವಾಗ ಬೇಕೆಂದು ಕೇಳಿದಳು.

ಮರುದಿನ ಬೆಳಗ್ಗೆ ಜಗಲಿಯ ಮೇಲೆ ನಾಷ್ಟ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಮೈಸೂರಿನ ನಮ್ಮ ಮನೆಯಲ್ಲಿ ಇದನ್ನು ಬಡತನ ಎಂದು ಬಿಟ್ಟಿದ್ದೆವು. ಇಲ್ಲಿ ಪರಂಪರೆ ಎಂದು ಬಡಿಸಿದರು. ಸುಧಾ ಸ್ನಾನಕ್ಕೆ ಹೋಗಿದ್ದಳು. ಪಟ್ಟಿ ಬಿಚ್ಚಲು ಇದೇ ಸಮಯವೆಂದು ಗಂಟಲು ಸರಿಮಾಡಿಕೊಂಡೆ.

“ಪುಟ್ಟತಾಯಮ್ಮನವರೇ, ಆ ದೊರೆ ಹೆಸರೇನು?”

“ಅದ್ನ ನೀವೇ ಏಳ್ಬೇಕು ಕಣಣ್ಣ. ನಿಮ್ಮ್ ತಾತನ್ ಮನ ಅಲ್ವ?”

ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. ನಿನ್ನೆಯಿಂದ ‘ಸಾರ್’ ಆಗಿದ್ದವನು ಒಮ್ಮೆಲೇ ‘ಅಣ್ಣ’ ಆಗಿದ್ದೆ.

“ಹೇಗೆ ಗೊತ್ತಾಯಿತು?”

“ಆ ಬಾಗ್ಲಲ್ಲಿ ಬಗ್ಗಿ ಅಂತ ಏಳುಸ್ಕೊಳ್ದೆ ಬಗ್ಗಿದೋರು ನೀವೊಬ್ರೇಯ. ಬೇರ ಯಾವೋಳ್ಗಾದ್ರೂ ಅದು ಗೊತ್ತಾಯ್ತಿತ್ತೊ ಇಲ್ವೊ. ನಮ್ಮವ್ವ ಈ ಮನಲಿ ಮುಸುರ ತಿಕ್ತಿದ್ಲು. ನಾ ಜಗ್ಲಿ ತಂಕ ಬತ್ತಿದ್ದಿ, ಒಳಕ್ಕ ಬುಡ್ತಿರ್ನಿಲ್ಲ. ಇಲ್ಲೇ ಕುಂತ್ಕಂಡು ಯಾರ್ ಯಾರ್ ಎಂಗ ಬಗ್ತಾರ ಅಂತ ನೋಡ್ತಿದ್ದಿ.”

ಅವಳು ತೋರಿಸಿದ್ದು ನಾನು ಕೂತಿದ್ದ ಜಾಗವನ್ನು. ಅವಳೂ ಅವಳ ಗಂಡನೂ ಬೆಳ್ಳುಳ್ಳಿ, ಆಲೂಗಡ್ಡೆ ಬೆಳೆದು, ಈ ಮನೆ ಮೂರನೆಯ ಸಲ ಮಾರಾಟಕ್ಕೆ ಬಂದಾಗ ಕೊಂಡಿದ್ದರಂತೆ. ನಾನು ಇತಿಹಾಸ ಉರುಳಿಸಲು ಬಂದಿದ್ದೆ ಎಂದು ಹೇಳಿದೆನಲ್ಲ, ಆ ಕೆಲಸ ಒಟ್ಟಿನಲ್ಲಿ ನಡೆಯಿತು. ಉರುಳಿಸಿದವರು ಬೇರೆ, ಅಷ್ಟೆ.

“ಮತ್ತೆ ದೊರೆ ಕಥೆ ಯಾಕೆ?”

“ಇನ್ನೇನ್ ಮಾಡಾದು? ಮನ ಮಗಳ್ನ ಕೂಡಾಕಿದ್ ರೂಮು ಅಂತ ಬೋರ್ಡ್ ಆಕ್ಲ? ಯಾರ್ ಬತ್ತಾರ ಮನಿಕಳಕ?”

“ಯಾವ ಮಗಳು?”

ಪುಟ್ಟತಾಯಮ್ಮ ನನ್ನ ಮುಖ ನೋಡಿದಳು. ನಾನು ನಾಟಕವಾಡುತ್ತಿದ್ದೇನೆಯೇ ಎಂದು ನೋಡಿದಳೆಂದು ಕಾಣುತ್ತದೆ. “ನಿಮ್ ಚಿಕ್ಕವ್ವ. ಗೌರವ್ವ.”

ನನ್ನ ಗೌರಿ ಚಿಕ್ಕಮ್ಮ, ಅಂದರೆ ತಾಯಿಯ ತಂಗಿ, ನನಗೆ ಎಂಟು ವರ್ಷವಾಗಿದ್ದಾಗ ಮೈಸೂರಿನ ಆಸ್ಪತ್ರೆಯಲ್ಲಿ ಸತ್ತಿದ್ದಳು. ನಮ್ಮ ಮನೆಯ ಗೋಡೆಯ ಮೇಲೆ ಅವಳ ಫೋಟೋ ಇತ್ತು, ಹಾರ ಹಾಕಿ. ಮಹಾಲಯ ಅಮಾವಾಸ್ಯೆಗೆ ಅಮ್ಮ ಅವಳ ಹೆಸರಿನಲ್ಲಿ ವಡೆ ಮಾಡಿ ಎಡೆ ಇಡುತ್ತಿದ್ದಳು. ಅಮ್ಮ ಹೋದಮೇಲೆ ಆ ಕೆಲಸವನ್ನು ಸುಧಾ ವಹಿಸಿಕೊಂಡಿದ್ದಳು. ಶಿಸ್ತಿನ ಮನೆತನ ನಮ್ಮದು.

ಪುಟ್ಟತಾಯಮ್ಮ ಹೇಳಿದ್ದು ಇಷ್ಟು. ಗೌರಿ ಚಿಕ್ಕಮ್ಮ ದಿಂಬಂ ಘಾಟಿಯಲ್ಲಿ ಲಾರಿ ಓಡಿಸುತ್ತಿದ್ದ ಒಬ್ಬ ತಮಿಳನನ್ನು ಮದುವೆಯಾಗುತ್ತೇನೆ ಎಂದಳು. ತಾತ ಅವಳನ್ನು ಆ ಕೋಣೆಯಲ್ಲಿ ಹಾಕಿ ಹೊರಗೆ ಚಿಲಕ ಹಾಕಿಸಿದರು. ಇಪ್ಪತ್ತು ದಿನ. ಒಂದು ಮಧ್ಯಾಹ್ನ, ಮನೆಯವರೆಲ್ಲ ಗುಮಟಾಪುರಕ್ಕೆ ಬೀರೇಶ್ವರನ ಗುಡಿಗೆ ಹೋಗಿದ್ದಾಗ, ಮುಸುರೆ ತಿಕ್ಕುತ್ತಿದ್ದ ಪುಟ್ಟತಾಯಮ್ಮನ ತಾಯಿ ಕೈ ಒರೆಸಿಕೊಂಡು ಹೋಗಿ ಚಿಲಕ ತೆಗೆದಳು. ಚಿಕ್ಕಮ್ಮ ಆ ಲಾರಿಯವನ ಜೊತೆ ಹೊರಟುಹೋದಳು. ಮರುದಿನದಿಂದ ಪುಟ್ಟತಾಯಮ್ಮನ ತಾಯಿಗೆ ಆ ಮನೆಯಲ್ಲಿ ಕೆಲಸವಿರಲಿಲ್ಲ. ಊರಿನಲ್ಲಿ ಯಾರೂ ಕೆಲಸ ಕೊಡಬಾರದೆಂದೂ ಆಯಿತು. ತಾತ ಮಗಳು ಸತ್ತಳೆಂದು ಸಾರಿ, ತಿಥಿ ಮಾಡಿ, ಊರಿಗೆಲ್ಲ ಊಟ ಹಾಕಿದರು.

“ನಿಮ್ಗ ಗೊತ್ತಿಲ್ವ?” ಎಂದಳು ಪುಟ್ಟತಾಯಮ್ಮ. “ನೀವು ಆಗ ಇಲ್ಲೇ ಇದ್ರಿ.”

ಇದ್ದೆ. ಅದನ್ನು ಈಗ ಹೇಳಲೇಬೇಕು. ಬಾಯೊಳಗೆ ಎಲೆ ಅಡಿಕೆ ಹೊರಳಿಸಿದಂತೆ ಮಾತು ಹೊರಳಿಸಿ ಹೋಗುವ ಅಭ್ಯಾಸ ನನಗೆ ಚೆನ್ನಾಗಿಯೇ ಇದೆ, ಆದರೂ ಹೇಳುತ್ತೇನೆ. ಚಿಕ್ಕಮ್ಮ ಮೈಸೂರಿನ ಆಸ್ಪತ್ರೆಯಲ್ಲಿದ್ದಾಳೆಂದು ಆಗ ಮಕ್ಕಳಿಗೆ ಹೇಳಿದ್ದರು. ಆ ಕೋಣೆಗೆ ಹಿತ್ತಲ ಕಡೆ ಒಂದು ಕಿರುಕಿಟಕಿ. ಅದರ ಕೆಳಗೆ ಗೋಲಿ ಆಡುತ್ತಿದ್ದಾಗ ಯಾರೋ ನನ್ನ ಹೆಸರು ಹಿಡಿದು ಕರೆದರು. ಎರಡು ಸಲ ಕರೆದರು. ನಾನು ಗೋಲಿಗಳನ್ನೂ ಬಿಟ್ಟು ಓಡಿದೆ. ದೆವ್ವಕ್ಕೆ ನನ್ನ ಹೆಸರು ಹೇಗೆ ಗೊತ್ತಾಯಿತು ಎಂದು ಆಮೇಲೆ ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಐವತ್ತು ವರ್ಷ ಸಾಕಾಗಲಿಲ್ಲವೆಂದು ಕಾಣುತ್ತದೆ.

“ಈಗ ಎಲ್ಲಿದ್ದಾರೆ?” ಎಂದೆ.

“ದಿಂಬಂನಲ್ಲೇಯ. ಟೀ ಅಂಗ್ಡಿ. ಗಂಡ ಓಗಿ ಅತ್ತು ವರ್ಸ ಆಯ್ತು. ಓಗದಾದ್ರ ಓಗಿ, ನಾ ಬಲವಂತ ಮಾಡಲ್ಲ.”

ಹೋಗಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ, ವಿಷಯ ಕೇಳಿದ ಸುಧಾ ಒದ್ದೆ ತಲೆಯಲ್ಲೇ ಕಾರಿನ ಬೀಗದ ಕೈ ತಂದು ನನ್ನ ಮುಂದಿಟ್ಟಳು. ಸತ್ತವರಿಗೆ ಎರಡು ವರ್ಷ ವಡೆ ಕರಿದವಳಿಗೆ ಅಷ್ಟು ಹಕ್ಕಿತ್ತು.

ಕಾಡಿನ ರಸ್ತೆ ದಾಟಿ ದಿಂಬಂ ತಲುಪಿದಾಗ ಘಾಟಿ ಹತ್ತಿ ಬಂದ ಲಾರಿಗಳು ಉಸಿರು ಬಿಡುತ್ತಾ ನಿಂತಿದ್ದವು. ಮೂರು ಟೀ ಅಂಗಡಿ. ನಡುವಿನದರಲ್ಲಿ ಬಾಣಲೆಯ ಮುಂದೆ ಒಬ್ಬ ಮುದುಕಿ. ಏನು ಕರಿಯುತ್ತಿದ್ದಳು ಎಂದು ಕೇಳಬೇಡಿ. ವಡೆ.

“ಟೀಯಾ, ಕಾಪಿಯಾ?” ಎಂದು ತಮಿಳಿನಲ್ಲಿ ಕೇಳಿದಳು.

“ನಾನು ಜಯಮ್ಮನ ಮಗ” ಎಂದೆ.

“ಯಾವ ಜಯಮ್ಮ?”

“ನಿಮ್ಮ ಅಕ್ಕ.”

ಅವಳು ಜಾಲರಿ ಸೌಟಿನಲ್ಲಿ ವಡೆ ಎತ್ತಿ ಎಣ್ಣೆ ಬಸಿದಳು. ಕಾಯುತ್ತಿದ್ದ ಲಾರಿಯವನಿಗೆ ಎರಡು ಕಟ್ಟಿಕೊಟ್ಟಳು. ಒಲೆ ಸಣ್ಣ ಮಾಡಿದಳು. ಆಮೇಲೆ ಬೆಂಚು ತೋರಿಸಿ, “ಕುಂತ್ಕ” ಎಂದಳು.

ಕೂತೆ. ಪಕ್ಕದಲ್ಲಿ ಕೂತ ಸುಧಾ, ನೀವು ಯಾಕೆ ಒಂದು ಸಲವೂ ಬರಲಿಲ್ಲ ಎಂದು ಕೇಳಿದಳು.

“ನಾ ಸತ್ತೋದಿ ಅಂತ ಊರೆಲ್ಲ ತಿಥಿ ಉಂಡ್ಮೇಲ ಬಂದು ಏನವ್ವ ಮಾಡ್ಲಿ? ಉಂಡೋರ್ಗ ಅಜೀರ್ಣ ಆಗದಿಲ್ವ?”

ಆಮೇಲೆ ನನ್ನ ಕಡೆ ತಿರುಗಿದಳು. “ಅಕ್ಕ ನನ್ ಎಸ್ರ ಎತ್ತಿದ್ಲಾ?”

ಸುಳ್ಳು ಹೇಳುವುದು ಸುಲಭವಿತ್ತು. ದಿನಾ ನೆನೆಯುತ್ತಿದ್ದಳು ಎನ್ನಬಹುದಿತ್ತು. “ವರ್ಷಕ್ಕೊಂದು ಸಲ” ಎಂದೆ.

“ಯಾವಾಗ?”

ಹೇಳಿದೆ. ಎಡೆ, ಹಾರ, ವಡೆ ಎಲ್ಲ ಹೇಳಿದೆ. ಅವಳು ಬಾಣಲೆಯ ಪಕ್ಕದ ವಡೆಗಳನ್ನು ನೋಡಿದಳು. “ಅಕ್ಕನ್ ವಡನಾ?” ಎಂದಳು. “ಅವ್ಳ ವಡ ಯಾವತ್ತೂ ಕಲ್ಲೇಯ. ಸದ್ಯ, ನಾ ತಿನ್ನೊ ಅಂಗಿರ್ನಿಲ್ಲ.” ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆ ಎಂದಳು. ಒಲೆ ಗ್ಯಾಸಿನದು.

ಕಿಟಕಿಯ ವಿಷಯವನ್ನು ನಾನೇ ತೆಗೆದೆ. ಕರೆದದ್ದು ಕೇಳಿತ್ತು, ಓಡಿಹೋದೆ ಎಂದೆ. ಅವಳಿಗೆ ನೆನಪಿತ್ತು. “ನೀರ್ ಕೇಳಕ ಕರದಿ. ನೀ ಓಡೋದೆ. ಎಂಟೊರ್ಸದ್ ಕೂಸು, ಇನ್ನೇನ್ ಮಾಡಿಯೆ?” ಎಂದು ಟೀ ಲೋಟ ನನ್ನ ಕೈಗಿಟ್ಟಳು. “ಆಮ್ಯಾಕೂ ಬರ್ನಿಲ್ವಲ್ಲ, ಅದು ನಂಗ ಬ್ಯಾಸರ.” ಟೀ ಚೆನ್ನಾಗಿದೆ ಎಂದೆ. ಮೂವತ್ತು ವರ್ಷ ಕಚೇರಿಯಲ್ಲಿ ಉತ್ತರ ಬರೆದ ಮನುಷ್ಯ.

ಆಮೇಲೆ ಹೋಗಿ ಬಂದು ಮಾಡುತ್ತಿದ್ದೇವೆ. ಪುಟ್ಟತಾಯಮ್ಮನ ಮನೆಯಲ್ಲೇ ತಂಗುವುದು. ಅವಳು ಬೇರೆ ಅತಿಥಿಗಳಿಗೆ ದೊರೆಯ ಕಥೆ ಹೇಳುವಾಗ ನಾನು ಪಕ್ಕದಲ್ಲಿ ಕೂತು ಗಂಭೀರವಾಗಿ ತಲೆಯಾಡಿಸುತ್ತೇನೆ. ಹೋದ ಸಲ ದೊರೆಗೆ ಮೀಸೆಯಿತ್ತೆಂದು ನಾನೇ ಒಂದು ಮಾತು ಸೇರಿಸಿದೆ.

ಮೊನ್ನೆಯಿಂದ ಚಿಕ್ಕಮ್ಮ ನಮ್ಮ ಮನೆಯಲ್ಲಿದ್ದಾಳೆ. ಕಣ್ಣಿಗೆ ಪೊರೆ ಬಂದಿದೆ, ಮೈಸೂರಿನಲ್ಲೇ ತೆಗೆಸೋಣವೆಂದು ಕರೆತಂದೆ. ಬೆಳಗ್ಗೆ ಐದಕ್ಕೇ ಎದ್ದು, ಸುಧಾಳ ಟೀಯನ್ನು ಒಂದು ಗುಟುಕು ಕುಡಿದು, ಏನೂ ಹೇಳದೆ ತಾನೇ ಬೇರೆ ಮಾಡಿಕೊಳ್ಳುತ್ತಾಳೆ. ನಿನ್ನೆ ಕಣ್ಣಾಸ್ಪತ್ರೆಗೆ ಹೋದೆವು. ಭಾನುವಾರದ ಸಂತೆಯಷ್ಟು ಜನ. ಮೇಜಿನ ಹಿಂದಿನ ಹುಡುಗಿ ಅರ್ಜಿ ತುಂಬಿಸಿಕೊಳ್ಳುತ್ತಾ ವಯಸ್ಸು ಕೇಳಿದಳು. ಚಿಕ್ಕಮ್ಮ “ಎಪ್ಪತ್ನಾಕೊ ಐದೊ, ಯಾವ್ದಾರ ಬರ್ಕವ್ವ” ಎಂದಳು. ಇವರು ನಿಮಗೆ ಏನಾಗಬೇಕು ಎಂದು ಹುಡುಗಿ ನನ್ನನ್ನು ಕೇಳಿದಳು.

“ನಮ್ಮ ಚಿಕ್ಕಮ್ಮ” ಎಂದೆ. ಅಭ್ಯಾಸವಿಲ್ಲದ್ದರಿಂದ ದನಿ ಹೊರಗೆ ಬರಲಿಲ್ಲ. ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು.

ಚಿಕ್ಕಮ್ಮ ಬೆಂಚಿನ ಮೇಲಿಂದಲೇ, “ಜೋರಾಗಿ ಏಳ್ಲಾ” ಎಂದಳು, “ಆ ಮಗೀಗ ಕೇಳ್ನಿಲ್ಲ.”

ನಾನು ಇನ್ನೊಂದು ಸಲ ಹೇಳಿದೆ. ಸಾಲಿನ ಕೊನೆಯಲ್ಲಿದ್ದವರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ.