ಬಾಳವ್ವನ ಒಂದು ಹಿಡಿ ಕೊಸರು

ಬೆಳಗಿನ ಜಾವ. ಹೊಲಕ್ಕೆ ಹೊರಟ ಹೆಣ್ಣುಮಕ್ಕಳು ಅಮ್ಮಿನಬಾವಿಯ ಬಾಳವ್ವನವರ ಅಂಗಡಿ ಮುಂದೆ ಚೀಲ ಹಿಡಿದು ನಿಂತಿದ್ದಾರೆ. ವಾರದಿಂದ ಬೀಗ ಬಿದ್ದಿದ್ದ ಅಂಗಡಿ ಇಂದು ತೆರೆದಿದೆ. ಬಾಳವ್ವ ಸೇರು ತುಂಬಿ, ಅದರ ಬಾಯಿ ಸಮನಾಗಿ ಸವರಿ, ಗುಲ್ಜಾರಬಿಯ ಚೀಲಕ್ಕೆ ರೇಶನ್ ಜೋಳ ಸುರಿಯುತ್ತಾರೆ. ರೂಢಿಯಂತೆ ಕೈ ಮತ್ತೆ ಜೋಳಕ್ಕೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ಕೊಸರು ಹಾಕಿದರೆ ಈಗ ಅಪರಾಧ!

ಪತ್ರಿಕೆಗೆ ಇದನ್ನು ಬರೆಯುವಾಗ ನನ್ನ ಮೈ ಉರಿಯುತ್ತಿದೆ. ಬಾಳವ್ವನ ಅತ್ತೆಯ ಕಾಲದಿಂದಲೂ ಈ ಅಂಗಡಿಯಲ್ಲಿ ಅಳತೆಯ ಮೇಲೆ ಒಂದು ಹಿಡಿ ಹೆಚ್ಚಿಗೆ ಬೀಳುತ್ತ ಬಂದಿದೆ. ಯುದ್ಧ ಬಂತು, ರೇಶನ್ ಬಂತು. ಬಾಳವ್ವನ ಕೈ ಬದಲಾಗಲಿಲ್ಲ. ಗಂಡ ಶಿದ್ದಪ್ಪ ಧಾರವಾಡದಿಂದ ಚಕ್ಕಡಿಯಲ್ಲಿ ಚೀಲ ತರುತ್ತಾರೆ, ಇವರು ಅಳೆಯುತ್ತಾರೆ. ತಪಾಸಣೆಗೆ ಬಂದ ಸಾಹೇಬರು, ಕೊಸರಿಗೆ ಹೋದಷ್ಟು ಜೋಳ ದಾಸ್ತಾನಿನಲ್ಲಿ ಕಡಿಮೆ ಬಿದ್ದದ್ದನ್ನು ಕಂಡು, ಕಾಳಸಂತೆಯ ಆರೋಪ ಹೊರಿಸಿ ಬೀಗ ಜಡಿದರು.

"ಕಳುವಿನ ಮಾಲು ನಮ್ಮ ಹೊಟ್ಟ್ಯಾಗ ಐತ್ರಿ ಸಾಹೇಬ್ರ, ಬೇಕಾದ್ರ ಸೀಳಿ ನೋಡ್ರಿ!" ಎಂದು ಗುಲ್ಜಾರಬಿ ಅಂದು ಕೂಗಿದ್ದರು. ಕೇಳುವವರು ಯಾರು? ಪೇಟೆಯಲ್ಲಿ ಗೋದಾಮು ತುಂಬ ಬಚ್ಚಿಟ್ಟವರ ಮನೆಯಲ್ಲಿ ಚಹಾ ಕುಡಿದು ಬರುವ ಕಣ್ಣಿಗೆ ಹಳ್ಳಿಯ ಹೆಣ್ಣುಮಗಳ ಒಂದು ಹಿಡಿ ಜೋಳ ಕಂಡಿತು. ನಾಚಿಕೆಗೇಡು!

ಇನ್ನು ಕೊಸರು ಹಾಕುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟರಷ್ಟೇ ಪರವಾನಗಿ ವಾಪಸು. ಇಲ್ಲವಾದರೆ ಅದು ಪಕ್ಕದ ಓಣಿಯ ವ್ಯಾಪಾರಿಗೆ. ಸೇರಿನೊಳಗೆ ಬೆರಳಿಟ್ಟು ಅಳೆಯುವ ಮಹಾನುಭಾವ ಆತ.

"ನಾ ಹಟ ಹಿಡದ್ರ ಊರ ಮಂದಿ ಅವನ ಕೈಯಾಗ ಸಿಗತಾರ್ರಿ. ಅದಕ ನಿನ್ನಿ ಹೆಬ್ಬಟ್ಟ ಒತ್ತಿ ಬಂದೇನಿ," ಎನ್ನುತ್ತಾರೆ ಬಾಳವ್ವ. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಗುಲ್ಜಾರಬಿ ಚೀಲದ ಬಾಯಿ ಕಟ್ಟತೊಡಗುತ್ತಾರೆ. "ಇರ್ಲಿ ಬಿಡಬೇ ಯವ್ವಾ."

"ತಡಿ," ಎಂದು ಬಾಳವ್ವ ಒಳಗೆ ಕೂಗುತ್ತಾರೆ, "ಏನ್ರೀ, ನಮ್ಮ ಅಡಗಿಮನಿ ಜ್ವಾಳದ ಬುಟ್ಟಿ ತರ್ರಿ."

ಶಿದ್ದಪ್ಪ ಬುಟ್ಟಿ ತರುತ್ತಾರೆ. ಅದು ಅವರಿಬ್ಬರ ಪಾಲಿನ ರೇಶನ್. "ಎಲ್ಲಾರಿಗೂ ಇದರಾಗ ಕೊಟ್ರ ನಾವೇನು ತಿನ್ನೂದು?"

"ಒಂದೊಂದು ರೊಟ್ಟಿ ಕಡಿಮಿ ತಿನ್ನೂಣ್ರಿ."

ಬಾಳವ್ವ ಬುಟ್ಟಿಯಿಂದ ಒಂದು ಹಿಡಿ ತೆಗೆದು ಚೀಲಕ್ಕೆ ಹಾಕುತ್ತಾರೆ. ಆಮೇಲೆ ಮೊದಲ ಸಲ ನನ್ನತ್ತ ನೇರ ನೋಡುತ್ತಾರೆ.

"ನಿಮ್ಮ ಪೇಪರದಾಗ ಬರೀರಿ. ಸರಕಾರದ ಜ್ವಾಳ ಸರಕಾರದ ಅಳತೀಲೆ ಹಾಕೇನಿ. ಇದು ನನ್ನ ರೊಟ್ಟಿ. ಇದನ್ನ ಕೊಡಾಕೂ ಅವರ ಅಪ್ಪಣಿ ಬೇಕೇನ್ರಿ?"