ಹೊಸ್ತಿಲು ದಾಟದ ಅಂಕಿಅಂಶ

ಹೋದ ವಾರ ಎಂ.ಎಡ್. ಓದುವ ಹುಡುಗಿಯೊಬ್ಬಳು ನನ್ನ ಮುಂದೆ ಕುಳಿತು ಲ್ಯಾಪ್‌ಟಾಪ್ ತಿರುಗಿಸಿ ಒಂದು ಕೋಷ್ಟಕ ತೋರಿಸಿದಳು. ಸಾಲುಸಾಲು ಅಂಕಿಗಳು, ನಡುವೆ ಒಂದು ಖಾನೆಯಲ್ಲಿ ಮಾತ್ರ ಬರೀ ಅಡ್ಡಗೆರೆ. "ಮ್ಯಾಡಂ, ನನಗೆ ಬೇಕಾದ್ದೇ ಅದು, ಅದೊಂದೇ ಇಲ್ಲ" ಎಂದು ಅಳುಮೋರೆ ಮಾಡಿದಳು. ನನಗೆ ನಗು ಬಂದುಬಿಟ್ಟಿತು. ಅವಳ ಕಷ್ಟಕ್ಕೆ ನಕ್ಕದ್ದಲ್ಲ, ದಯವಿಟ್ಟು ನನ್ನನ್ನು ಕಟುಕಿ ಎಂದುಕೊಳ್ಳಬೇಡಿ. ಆ ಅಡ್ಡಗೆರೆಯ ಜೊತೆ ಒಂದು ಕಾಲದಲ್ಲಿ ನಾನು ಸಂಸಾರವನ್ನೇ ಮಾಡಿದ್ದೇನೆ.

ಆಗ ನಾನು ಪುಣೆಯ ಪಕ್ಕದ ಭೋಸರಿಯ ಒಂದು ಮರಾಠಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಮೇಲೊಂದು ಪಿಎಚ್.ಡಿ. ಹುಚ್ಚು ಹಚ್ಚಿಕೊಂಡಿದ್ದೆ. ಒಂದನೇ ತರಗತಿಯಲ್ಲಿ ಒಬ್ಬಳು ಪುಟ್ಟ ಹುಡುಗಿ, ತಿಂಗಳುಗಟ್ಟಲೆ ತುಟಿ ಬಿಚ್ಚಿರಲಿಲ್ಲ. ಮಂದಬುದ್ಧಿ ಎಂದು ಎಲ್ಲರೂ ಷರಾ ಬರೆದಾಗಿತ್ತು. ಒಂದು ದಿನ ನಾನು ಮೈಮರೆತು ಕನ್ನಡದಲ್ಲಿ "ಯಾಕವಾ, ಹೊಟ್ಟಿ ನೋಯ್ತದೇನು?" ಎಂದೆ. ಅಷ್ಟೇ ಸಾಕಾಯಿತು. ಅಜ್ಜಿ, ಅಜ್ಜಿಯ ಆಡು, ಅಪ್ಪನ ಕಾರ್ಖಾನೆ, ತಮ್ಮ ನುಂಗಿದ ಅಂಗಿ ಗುಂಡಿ, ಎಲ್ಲ ಒಂದೇ ಉಸಿರಿನಲ್ಲಿ ಬಂದವು. ಗಂಟೆ ಬಾರಿಸಿದರೂ ಅವಳು ನಿಲ್ಲಿಸಲಿಲ್ಲ. ಇಂಥ ಮಕ್ಕಳು ಎಷ್ಟಿದ್ದಾರೆ ಎಂದು ತೋರಿಸಿದರೆ, ಅವರ ಮಾತು ಬಲ್ಲ ಒಬ್ಬ ಶಿಕ್ಷಕಿಯನ್ನಾದರೂ ಕೊಡಿ ಎಂದು ಕೇಳಬಹುದಲ್ಲ? ಅದೇ ನನ್ನ ಸಂಶೋಧನೆಯ ವಿಷಯವಾಯಿತು.

ನನ್ನ ಮಾರ್ಗದರ್ಶಕರು ಕುಲಕರ್ಣಿ ಸರ್. ಅಪ್ಪಟ ಪುಣೇರಿ, ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಅವರಿಗೆ ಫೋನ್ ಮಾಡಿ ಬದುಕಿ ಉಳಿದವರಿಲ್ಲ. ಮಾತಾಡಿದರೆ ಮರಾಠಿ, ಇಲ್ಲವೇ ಇಂಗ್ಲಿಷು. ಎರಡರಲ್ಲೂ ಒಂದೇ ಪ್ರಶ್ನೆ: ಡೇಟಾ ಎಲ್ಲಿ? ದೀಪಾವಳಿಯೊಳಗೆ ಅಂಕಿ ತಾರದಿದ್ದರೆ ವಿಷಯ ಬದಲಿಸು ಎಂದು ಖಡಾಖಂಡಿತ ಹೇಳಿದರು. ಬದಲಿ ವಿಷಯವನ್ನೂ ಅವರೇ ಆರಿಸಿಟ್ಟಿದ್ದರು: ತರಗತಿಯ ಹಲಗೆಯ ಬಣ್ಣ ಮತ್ತು ಮಕ್ಕಳ ಏಕಾಗ್ರತೆ. ಕರಿಹಲಗೆಯೋ ಹಸಿರು ಹಲಗೆಯೋ ಎಂದು ವರ್ಷಗಟ್ಟಲೆ ಬರೆಯುತ್ತ ಕೂರಬೇಕೇ? ಆ ಹುಡುಗಿಯ ಆಡನ್ನು ಎಲ್ಲಿ ಕಟ್ಟಲಿ?

ಅಂಕಿಅಂಶ ಹುಡುಕುವುದೆಂದರೆ ಬೀಗರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕಿದ ಹಾಗೆ. ಇರುವುದಂತೂ ಖಂಡಿತ, ಕೈಗೆ ಮಾತ್ರ ಸಿಗದು. ಶಾಲೆಗಳ ವಾರ್ಷಿಕ ಮಾಹಿತಿ ತೆರೆದೆ. ಅಲ್ಲಿ ಯಾವ ಮಾಧ್ಯಮದಲ್ಲಿ ಎಷ್ಟು ಮಕ್ಕಳು ಎಂದಿತ್ತೇ ಹೊರತು ಮನೆಯಲ್ಲಿ ಏನು ಮಾತಾಡುತ್ತಾರೆಂದು ಇರಲಿಲ್ಲ. ಜನಗಣತಿಯಲ್ಲಿ ಮಾತೃಭಾಷೆ ಇತ್ತು, ಶಾಲೆ ಇರಲಿಲ್ಲ. ಒಂದು ತಾಲೂಕಿನ ಲೆಕ್ಕ, ಇನ್ನೊಂದು ವಾರ್ಡಿನ ಲೆಕ್ಕ. ಇಬ್ಬರ ಜಾತಕವೂ ಕೂಡಿಬರಲಿಲ್ಲ. ಕೊನೆಗೆ ನಮ್ಮ ಶಾಲೆಯ ದಾಖಲಾತಿಯನ್ನೇ ನೋಡಿದರೆ, ಆಡಿನ ಕಥೆ ಹೇಳಿದವಳ ಹೆಸರಿನ ಮುಂದೆಯೂ ಮಾತೃಭಾಷೆ: ಮರಾಠಿ. ಯಾರು ಹೀಗೆ ಬರೆಸಿದರೋ ಎಂದು ನಾನು ಕಂಡಕಂಡವರ ಮೇಲೆ ಸಿಡುಕುತ್ತ ತಿರುಗಿದೆ.

ಉತ್ತರ ಸಿಕ್ಕಿದ್ದು ನಮ್ಮ ಮನೆಯ ಬಾಗಿಲಲ್ಲೇ. ಒಂದು ಭಾನುವಾರ ಯಾವುದೋ ಸಮೀಕ್ಷೆಯವಳು ಬಂದು, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎಂದು ಮರಾಠಿಯಲ್ಲಿ ಕೇಳಿದಳು. ನಮ್ಮ ಅತ್ತೆಯವರು ಕಣ್ಣು ಮಿಟುಕಿಸದೆ "ಮರಾಠೀಚ!" ಎಂದರು. ಅದೇ ಉಸಿರಿನಲ್ಲಿ ಒಳಗೆ ತಿರುಗಿ ನನಗೆ ಕೂಗಿದರು: "ಹಾಲು ಉಕ್ಲಿಕ್ಕತ್ತದ ನೋಡವಾ!"

ಅವಳು ಹೋದ ಮೇಲೆ ಕೇಳಿದೆ. "ಅತ್ತಿ, ಮರಾಠಿ ಅಂತ ಯಾಕ ಹೇಳಿದ್ರಿ?"

"ಮತ್ತೇನ್ ಹೇಳ್ಬೇಕು? ಬಾಗಲಕ್ಕ ಬಂದಾಕಿಗೆ ಆಕಿ ಮಾತಿನ್ಯಾಗ ಹೇಳೂದು ಮರ್ಯಾದಿ. ಕನ್ನಡ ಮನ್ಯಾಗಿಂದು. ಆಕಿಗ್ಯಾಕ ಬೇಕು ಅದು?"

ನಾನು ಅವರನ್ನು ಅಪ್ಪಿಕೊಂಡುಬಿಟ್ಟೆ. ಹಾಲು ಅಷ್ಟರಲ್ಲಿ ಒಲೆಯ ತುಂಬ ಹರಿದಿತ್ತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಮುಂದಿನ ಭಾನುವಾರ ಅತ್ತೆಯವರನ್ನು ಕರೆದುಕೊಂಡು ಭೋಸರಿಯ ಓಣಿಗಳಿಗೆ ಹೋದೆ. ಪ್ರತಿ ಬಾಗಿಲಲ್ಲಿ ಮೊದಲು ನಾನು ಮರಾಠಿಯಲ್ಲಿ ಭಾಷೆ ಯಾವುದೆಂದು ಕೇಳುವುದು, ಅವರು ಮರಾಠಿ ಎನ್ನುವರು. ಬರೆದುಕೊಳ್ಳುವುದು. ಆಮೇಲೆ ಅತ್ತೆಯವರು ಹಣೆ ಒರೆಸಿಕೊಳ್ಳುತ್ತ, "ಯವ್ವಾ, ಕುಡೀಲಿಕ್ಕ ಒಂದೀಟು ನೀರು ಕೊಡ್ರಿ" ಎನ್ನುವರು. ಕೆಲವರು ಏನೂ ತಿಳಿಯದೆ ಕಣ್ಣುಕಣ್ಣು ಬಿಡುವರು. ಕೆಲವು ಮನೆಗಳಲ್ಲಿ ಮಾತ್ರ "ಅಯ್ಯ, ಬಿಸಲಾಗ ಯಾಕ ನಿಂತೀರಿ, ಒಳಗ ಬರ್ರಿ!" ಎಂಬ ಕೂಗು. ಆ ಮನೆಯನ್ನು ನಾನು ಎರಡನೇ ಖಾನೆಯಲ್ಲಿ ಬರೆದುಕೊಳ್ಳುವುದು. ಪದ್ಧತಿಯೇನೋ ಚೆನ್ನಾಗಿತ್ತು, ಆದರೆ ನೀರಿನ ಹಿಂದೆ ಚಹಾ, ಚಹಾದ ಹಿಂದೆ ಚುರಮುರಿ, ಅದರ ಹಿಂದೆ ಯಾರು ಯಾರಿಗೆ ಏನಾಗಬೇಕು ಎಂಬ ವಿಚಾರಣೆ. ನನ್ನ ಸಂಶೋಧನೆ ಆಮೆಗಿಂತ ನಿಧಾನವಾಯಿತು. ಅತ್ತೆಯವರು ನಡುವೆ ಒಂದು ಮದುವೆಯನ್ನೂ ಕುದುರಿಸಿದರು. ನನಗಂತೂ ಅಷ್ಟು ಖುಷಿಯ ಭಾನುವಾರಗಳು ಮತ್ತೆ ಬರಲಿಲ್ಲ.

ದೀಪಾವಳಿಗೆ ಮೊದಲು ಕೋಷ್ಟಕ ಹಿಡಿದು ಸರ್ ಮುಂದೆ ನಿಂತೆ. ನೀರು ಬೇಡುವುದನ್ನು ಸಂಶೋಧನಾ ವಿಧಾನ ಎಂದು ಬರೆದುಕೊಂಡು ಹೋದ ನನ್ನ ಧೈರ್ಯಕ್ಕೆ ನಾನೇ ಬೆವರುತ್ತಿದ್ದೆ. ಅವರು ಒಂದು ಖಾನೆ ನೋಡಿದರು: ಬಾಗಿಲಲ್ಲಿ ಹೇಳಿದ ಭಾಷೆ. ಇನ್ನೊಂದು ನೋಡಿದರು: ನೀರು ಕೊಟ್ಟ ಭಾಷೆ. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಹಸಿರು ಹಲಗೆ ನನ್ನ ಕಣ್ಣ ಮುಂದೆ ಬಂದು ನಿಂತಿತು.

"ನಮ್ಮ ಮನೀಗೆ ಬಂದು ಕೇಳಿದ್ರ," ಅವರು ಮೆಲ್ಲಗೆ ಅಂದರು, "ನಾನೂ ಮರಾಠಿ ಅಂತನ ಹೇಳ್ತಿದ್ದೆ."

ಕನ್ನಡ! ನಮ್ಮ ಇಂಡಿ, ಸಿಂದಗಿ ಕಡೆಯ ಮೊಸರಿನಂಥ ಕನ್ನಡ! ಕುಲಕರ್ಣಿಗಳು ಭೀಮಾ ನದಿಯ ಎರಡೂ ದಂಡೆಯಲ್ಲಿ, ಮರಾಠಿ ಕಡೆಗೂ ಕನ್ನಡ ಕಡೆಗೂ, ಇದ್ದಾರೆಂದು ನನಗೇಕೆ ಹೊಳೆಯಲಿಲ್ಲವೋ. ಇಷ್ಟು ವರ್ಷ ನಾವಿಬ್ಬರೂ ಮರ್ಯಾದೆಗೆ ಮರಾಠಿ ಮಾತಾಡುತ್ತ ಕುಳಿತಿದ್ದೆವು.

"ವಿಷಯ ಬದಲಸೂದು ಬ್ಯಾಡ್ರಿ," ಎಂದರು. "ನಮ್ಮವ್ವ ಇದ್ದಿದ್ರ ಭಾಳ ಹಿಗ್ಗತಿದ್ಲು."

ನಾನು ಮೆಟ್ಟಿಲಿಳಿದು ಓಡಿದ್ದನ್ನು ಕಂಡವರು ಬೆಂಕಿ ಬಿದ್ದಿದೆ ಎಂದುಕೊಂಡಿರಬೇಕು. ಆ ಕೋಷ್ಟಕದ ಬಲದ ಮೇಲೆ ಮರುವರ್ಷ ನಮ್ಮ ಶಾಲೆಯ ಒಂದನೇ ತರಗತಿಗೆ ಕನ್ನಡ ಬಲ್ಲ ಶಿಕ್ಷಕಿಯೊಬ್ಬಳು ಬಂದಳು. ಗದ್ದಲ ಎಷ್ಟು ಹೆಚ್ಚಿತೆಂದರೆ ಪಕ್ಕದ ತರಗತಿಯವರು ದೂರು ಕೊಟ್ಟರು. ನನಗೆ ಆ ದೂರು ಎಷ್ಟು ಕೇಳಿದರೂ ಸಾಕೆನಿಸಲಿಲ್ಲ.

ಸರ್ ಈಗ ನಿವೃತ್ತರು. ನಿನ್ನೆ ಮಧ್ಯಾಹ್ನ, ಅದೂ ಅವರ ನಿದ್ದೆಯ ಹೊತ್ತಿನಲ್ಲಿ, ಅವರೇ ಫೋನ್ ಮಾಡಿದರು.

"ಒಬ್ಬಾಕಿ ಹುಡಿಗಿ ಕೊಳ್ಳಾಗ ಕಾರ್ಡ್ ಹಾಕ್ಕೊಂಡು ಬಂದಿದ್ಲು. ಸರ್ವೇದಾಕಿ ಅಂತ ತಿಳಕೊಂಡು, ಆಕಿ ಬಾಯಿ ತೆಗ್ಯೂದ್ರಾಗ 'ನಮ್ಮ ಮನ್ಯಾಗ ಕನ್ನಡರೀ, ಕನ್ನಡ ಅಂತನ ಬರೀರಿ' ಅಂದುಬಿಟ್ಟೆ."

"ಬರಕೊಂಡ್ಳೇನ್ರಿ ಸರ್?"

"ಎಲ್ಲೀದು! ಆಕಿ ಗ್ಯಾಸ್ ಪೈಪ್ ನೋಡ್ಲಿಕ್ಕೆ ಬಂದಾಕಿ."

ನಾನು ನಕ್ಕೂ ನಕ್ಕೂ ಫೋನ್ ಕೈಯಿಂದ ಬೀಳಿಸುವುದರಲ್ಲಿದ್ದೆ. ಅವರು ತಡೆದು ಅಂದರು:

"ನಗಬ್ಯಾಡ್ರಿ, ಪೂರಾ ಕೇಳ್ರಿ. ಹೋಗೂವಾಗ ಹೊಸ್ತಲದಾಗ ನಿಂತು ಆಕಿ ಏನಂದ್ಳು ಗೊತ್ತೇನು? 'ಅಜ್ಜಾರ, ನಾವೂ ಬಾಗಲಕೋಟಿಯವರ್ರಿ. ಕುಡೀಲಿಕ್ಕ ಒಂದೀಟು ನೀರು ಕೊಡ್ರಿ.'"